ಆಡಿಗಿಂತ ಮೊದಲು ಸೊಪ್ಪು: ಸಣ್ಣ ಹೊಲದಲ್ಲಿ ಸಸಿ ಮಡಿ, ಆಡು ಸಾಕಣೆ

ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಕಡೆಯ ಒಣಬೇಸಾಯದ ಮನೆಗಳಲ್ಲಿ ಆಡು ಸಾಕೋಣ ಎಂದ ಕೂಡಲೇ ಜನ ಸಂತೆಗೆ ಹೊರಡುತ್ತಾರೆ. ದಯವಿಟ್ಟು ಅವಸರ ಬೇಡ. ಮಾರ್ಚ್ ಬಂತೆಂದರೆ ಬಯಲಲ್ಲಿ ಹಸಿರು ಇರುವುದಿಲ್ಲ. ಮೇವು ಕೊಳ್ಳಲು ದುಡ್ಡಿಲ್ಲದೆ ಗಬ್ಬದ ಆಡನ್ನೇ ಮಾರಬೇಕಾಗುತ್ತದೆ. ಅದಕ್ಕೇ ಸೊಪ್ಪಿನ ಗಿಡ ಮೊದಲು, ಆಡು ಆಮೇಲೆ.

ಫೆಬ್ರುವರಿ ಕೊನೆಗೆ ಸಸಿ ಕೆಲಸ ಶುರು ಮಾಡಿ. ಮೊದಲ ವರ್ಷ 300 ಸಸಿ ಚೀಲ ಸಾಕು, ಅಳತೆ 5x8 ಇಂಚು, ತಳದಲ್ಲಿ ತೂತು ಇರಲೇಬೇಕು. ಬರೀ ಎರೆಮಣ್ಣು ತುಂಬಬೇಡಿ. ನೀರು ಹಾಕಿದರೆ ಅಂಟಾಗುತ್ತದೆ, ಒಣಗಿದರೆ ಬಿರಿದು ಎಳೆ ಬೇರು ಹರಿಯುತ್ತದೆ. ಎರಡು ಬುಟ್ಟಿ ಮಸಾರಿ (ಕೆಂಪು) ಮಣ್ಣಿಗೆ ಒಂದು ಬುಟ್ಟಿ ಮರಳು, ಒಂದು ಬುಟ್ಟಿ ಜರಡಿ ಹಿಡಿದ ತಿಪ್ಪೆಗೊಬ್ಬರ ಸೇರಿಸಿ. ಗೊಬ್ಬರ ಪೂರ್ತಿ ಕೊಳೆತಿರಲಿ. ಹಸಿ ಗೊಬ್ಬರಕ್ಕೆ ಗೆದ್ದಲು ಹತ್ತುತ್ತದೆ.

ಸುಬಾಬುಲ್ ಎಂಬ ಮೇವಿನ ಮರದ ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರು ಸ್ವಲ್ಪ ಆರಿದ ಮೇಲೆ ಬೀಜ ಹಾಕಿ, ಮೂರು ನಿಮಿಷಕ್ಕೆ ಬಸಿದು, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ. ನುಗ್ಗೆ, ಅಗಸೆ ಮರದ (ಎಣ್ಣೆಕಾಳಿನ ಅಗಸೆ ಅಲ್ಲ) ಬೀಜಕ್ಕೆ ಬಿಸಿನೀರು ಬೇಡ, ಸುಮ್ನೆ ನೆನೆಸಿದರೆ ಆಯಿತು. ಗ್ಲಿರಿಸಿಡಿಯಾ ಎಂಬ ಸೊಪ್ಪಿನ ಮರಕ್ಕೆ ಚೀಲವೂ ಬೇಡ. ಮಳೆಗಾಲದಲ್ಲಿ ಬಲಿತ ಟೊಂಗೆಯನ್ನು ನೇರವಾಗಿ ಬದುವಿಗೆ ಊರಿ.

ಚೀಲಗಳ ಮೇಲೆ ಜೋಳದ ಕಣಿಕೆಯ ಚಪ್ಪರ ಹಾಕಿ, ಝಾರಿಯಿಂದ ನೀರು ಕೊಡಿ. ತಿಂಗಳಿಗೊಮ್ಮೆ ಚೀಲಗಳನ್ನು ಎತ್ತಿ ಜಾಗ ಬದಲಿಸಿ. ಇದನ್ನು ಬಹಳ ಜನ ಬಿಡುತ್ತಾರೆ. ಬೇರು ನೆಲಕ್ಕಿಳಿದ ಸಸಿಯನ್ನು ಜೂನ್‌ನಲ್ಲಿ ಕಿತ್ತರೆ ಬೇರು ತುಂಡಾಗಿ ಸಾಯುತ್ತದೆ, ನಾಲ್ಕು ತಿಂಗಳ ಆರೈಕೆ ವ್ಯರ್ಥ ಅಲ್ವಾ? ನೆಡುವ ಮುಂಚಿನ ಎರಡು ವಾರ ಚಪ್ಪರ ತೆಗೆದು, ನೀರೂ ಕಡಿಮೆ ಮಾಡಿ, ಬಿಸಿಲಿಗೆ ಹೊಂದಿಸಿ. ಮಿರುಗ (ಮೃಗಶಿರಾ) ಮಳೆ ಚೆನ್ನಾಗಿ ಹಸಿ ಮಾಡಿದ ಮೇಲೆ ಬದುವಿನ ಗುಂಟ ನೆಡಿ, ಮುಳ್ಳುಬೇಲಿ ಕಟ್ಟಿ. ಉಳಿದ ನುಗ್ಗೆ ಸಸಿಗಳಿಗೆ ಆ ಹೊತ್ತಿನಲ್ಲಿ ಸಂತೆಯಲ್ಲಿ ಗಿರಾಕಿ ಇರುತ್ತಾರೆ.

ಮಳೆ ಕೈಕೊಡದಿದ್ದರೆ ದೀಪಾವಳಿ ಹೊತ್ತಿಗೆ ನುಗ್ಗೆ, ಅಗಸೆ ಸೊಪ್ಪು ಸಿಗುತ್ತದೆ. ಸುಬಾಬುಲ್‌ಗೆ ಇನ್ನಷ್ಟು ತಿಂಗಳು ಬಿಡಿ, ಆಮೇಲೆ ಮೂರು ಅಡಿ ಎತ್ತರಕ್ಕೆ ಕತ್ತರಿಸಿ. ಕಾಯಿ ಬಲಿಯಲು ಬಿಟ್ಟರೆ ಹೊಲದ ತುಂಬಾ ಹುಟ್ಟಿಕೊಳ್ಳುತ್ತದೆ.

ಈಗ ಆಡು ತನ್ನಿ. ಎರಡು ಹೆಣ್ಣಾಡು ಸಾಕು. ಬಾಯಿ ತೆರೆದು ಎರಡು ಕಾಯಂ ಹಲ್ಲು ಬಂದಿವೆಯೇ ನೋಡಿ. ಮೂಗು ಸುರಿಯುವುದು, ಹಿಂಭಾಗ ಭೇದಿಯಿಂದ ಮೆತ್ತಿರುವುದು ಎಷ್ಟು ಅಗ್ಗವಾದರೂ ಬೇಡ. ತಂದ ಮೇಲೆ ಮೂರು ವಾರ ಬೇರೆ ಕಟ್ಟಿ. ಪಶು ಆಸ್ಪತ್ರೆಯಲ್ಲಿ ಜಂತಿನ ಔಷಧ, ಪಿಪಿಆರ್ (ಆಡು-ಕುರಿಗಳ ಪ್ಲೇಗ್) ಲಸಿಕೆ ಹಾಕಿಸಿ. ಮಳೆಗಾಲಕ್ಕೆ ಮುಂಚೆ ಕರುಳುಬೇನೆ ಲಸಿಕೆಯೂ ಆಗಲಿ. ಹೊಸ ಚಿಗುರು ಮೇಯುವ ಕಾಲದಲ್ಲೇ ಆ ಬೇನೆ ಜಾಸ್ತಿ.

ಒಂದು ಆಡಿಗೆ ದಿನಕ್ಕೆ ಮೂರ್ನಾಲ್ಕು ಕಿಲೋ ಹಸಿಮೇವು ಬೇಕು. ಜೊತೆಗೆ ಶೇಂಗಾ ಹೊಟ್ಟು, ಕಡಲೆ ಹೊಟ್ಟು ಕೊಡಿ. ಸುಬಾಬುಲ್ ಒಟ್ಟು ಮೇವಿನ ಮೂರನೇ ಒಂದು ಪಾಲು ದಾಟಬಾರದು. ಅದರಲ್ಲಿರುವ ಮಿಮೋಸಿನ್ ಎಂಬ ವಿಷದ ಅಂಶ ಜಾಸ್ತಿಯಾದರೆ ಕೂದಲು ಉದುರುತ್ತದೆ. ಗ್ಲಿರಿಸಿಡಿಯಾ ಹಸಿಯಾಗಿ ಹಾಕಿದರೆ ಆಡು ಮೂಸಿ ಬಿಡುತ್ತದೆ, ಬಾಡಿಸಿ ಹಾಕಿದರೆ ಮೆಲ್ಲಗೆ ರೂಢಿಯಾಗುತ್ತದೆ.

ಎರಡೇ ಆಡಿಗೆ ಹೋತ ಸಾಕುವುದು ದಂಡ. ಓಣಿಯ ನಾಲ್ಕು ಮನೆಯವರು, ಇಲ್ಲವೇ ನಿಮ್ಮ ಸ್ತ್ರೀಶಕ್ತಿ ಸಂಘದವರು ಸೇರಿ ಒಂದು ಒಳ್ಳೆಯ ಹೋತ ಇಟ್ಟುಕೊಳ್ಳಿ. ಗಬ್ಬ ನಿಂತ ದಿನ ಬರೆದಿಡಿ, ಸುಮಾರು 150 ದಿನಕ್ಕೆ ಮರಿ ಹಾಕುತ್ತದೆ. ಎರಡು ವರ್ಷಕ್ಕೊಮ್ಮೆ ಹೋತ ಬದಲಿಸಿ. ಇಲ್ಲದಿದ್ದರೆ ಅದು ತನ್ನ ಮರಿಗಳನ್ನೇ ಕೂಡಿ, ಮುಂದಿನ ಪೀಳಿಗೆ ಬಡಕಲಾಗುತ್ತದೆ.