ಅತ್ತೆಯ ಗುಳಿಗೆ ಖರ್ಚು ನಾನು ಇಳಿಸಿದ್ದು ಹೀಗೆ

ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂರೂ ಇವೆ. ಗುಳೇದಗುಡ್ಡದಲ್ಲಿ ಖಣ ನೇಯ್ದು ಮಕ್ಕಳನ್ನು ಸಾಕಿದವರು, ಈಗ ಬಾಗಲಕೋಟೆಯ ನವನಗರದಲ್ಲಿ ನಮ್ಮ ಜೊತೆ ಇದ್ದಾರೆ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಅವರ ಖಾತೆಗೆ ಬೀಳುತ್ತದೆ. ಗುಳಿಗೆಯ ಬಿಲ್ಲು ಅದನ್ನೆಲ್ಲ ನುಂಗಿ, ಮೇಲೆ ನಮ್ಮ ಕೈಯಿಂದಲೂ ಹಾಕಿಸುತ್ತಿತ್ತು. ಈಗ ಅದೇ ಕಾಯಿಲೆಗಳಿಗೆ ತಿಂಗಳಿಗೆ ನೂರು, ನೂರೈವತ್ತರಲ್ಲಿ ಮುಗಿಯುತ್ತಿದೆ. ಹೇಗೆ ಮಾಡಿದಿ ಅಂತ ಓಣಿಯವರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಒಂದೇ: ಆಯುಷ್ಮಾನ್ ಕಾರ್ಡ್ ಇದೆ, ಗುಳಿಗೆ ಪುಕ್ಕಟೆ ಸಿಗಬೇಕಲ್ವಾ? ಸಿಗುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡ್ ಕೆಲಸಕ್ಕೆ ಬರುವುದು ದವಾಖಾನೆಯಲ್ಲಿ ದಾಖಲಾದಾಗ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 70 ದಾಟಿದವರಿಗೆಲ್ಲ, ಆದಾಯ ನೋಡದೆ, ವಯ ವಂದನಾ ಕಾರ್ಡ್ ಅಂತ ತಂದಿತು. ಅದೂ ದಾಖಲಾತಿಗೇ. ದಾಖಲಾಗುವ 3 ದಿನ ಮೊದಲಿನ ಔಷಧ, ಮನೆಗೆ ಕಳಿಸಿದ ಮೇಲೆ 15 ದಿನದ ಔಷಧ ಅದರಲ್ಲಿ ಸೇರುತ್ತದೆ, ಅಷ್ಟೇ. ಸಾಯುವತನಕ ದಿನಾ ನುಂಗಬೇಕಾದ ಬಿಪಿ ಗುಳಿಗೆಗೆ ಆ ಕಾರ್ಡ್ ನಡೆಯುವುದಿಲ್ಲ. ಅದಕ್ಕೆ ಎರಡು ದಾರಿ ಇವೆ. ಸರ್ಕಾರಿ ದವಾಖಾನೆಯ ಪುಕ್ಕಟೆ ಗುಳಿಗೆ, ಮತ್ತೆ ಕಡಿಮೆ ರೇಟಿಗೆ ಔಷಧ ಮಾರುವ ಜನೌಷಧಿ ಕೇಂದ್ರ. ಯಾವುದಾದರೂ ಒಂದನ್ನೇ ನಂಬಿ ಕೂತರೆ ಆಗುವುದಿಲ್ಲ. ನಾನು ಎರಡನ್ನೂ ಕೂಡಿಸಿಕೊಂಡೆ.

ಆದರೆ ಎರಡೂ ಕಡೆ ಹೋಗುವ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಬಹಳ ಜನ ಇದನ್ನೇ ಬಿಡುತ್ತಾರೆ. ಮನೆಯಲ್ಲಿದ್ದ ಗುಳಿಗೆಯ ಪಟ್ಟಿಗಳನ್ನೆಲ್ಲ ಚಾಪೆಯ ಮೇಲೆ ಹರವಿಕೊಂಡು ಒಂದೊಂದೇ ತಿರುವಿ ನೋಡಿದೆ. ದಪ್ಪ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಅದರ ಹತ್ತಿರವೇ ಇರುವೆಯಂಥ ಅಕ್ಷರದಲ್ಲಿ ಒಳಗೇನಿದೆ ಅಂತ ಬರೆದಿರುತ್ತದೆ. ಕಣ್ಣಿಗೆ ಕಾಣಲಿಲ್ಲ, ಮಗನ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಬಿಪಿಗೆ ಟೆಲ್ಮಿಸಾರ್ಟನ್ 40 ಎಂಜಿ. ಕೊಲೆಸ್ಟ್ರಾಲ್‌ಗೆ ಅಟಾರ್ವಾಸ್ಟಾಟಿನ್ 10. ಶುಗರ್ ಗುಳಿಗೆ ಒಂದೇ ಅಂದುಕೊಂಡಿದ್ದೆವು, ಅದರಲ್ಲಿ ಮೆಟ್‌ಫಾರ್ಮಿನ್ 500, ಗ್ಲಿಮೆಪಿರೈಡ್ 1 ಅಂತ ಎರಡು ಔಷಧ ಇದ್ದವು. ಇನ್ನು ಆಸಿಡಿಟಿಯದೊಂದು, ಕ್ಯಾಲ್ಸಿಯಂ ಒಂದು, ಕೆಂಪಗೆ ಮಿಂಚುವ ಶಕ್ತಿ ಗುಳಿಗೆ ಒಂದು. ಬಿಲ್ಲು ತೆಗೆದು ನೋಡಿದರೆ ಎಲ್ಲಕ್ಕಿಂತ ಜಾಸ್ತಿ ರೇಟು ಈ ಶಕ್ತಿ ಗುಳಿಗೆಯದೇ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ: ಔಷಧದ ಹೆಸರು, ಎಷ್ಟು ಎಂಜಿ, ಮುಂಜಾನೆಯೋ ರಾತ್ರಿಯೋ.

ಆ ಹಾಳೆ ಹಿಡಿದು, ನಾವು ಯಾವಾಗಲೂ ತೋರಿಸುವ ಖಾಸಗಿ ಡಾಕ್ಟರ ಹತ್ತಿರ ಹೋದೆ. ಎರಡು ಮಾತು ಕೇಳಿದೆ. ‘ಡಾಕ್ಟರ್, ಇದರಾಗ ಬಿಡಬಾರದ್ದು ಯಾವುದು ಹೇಳ್ರಿ. ಚೀಟಿ ಮ್ಯಾಲೆ ಕಂಪನಿ ಹೆಸರು ಬ್ಯಾಡ, ಔಷಧದ ಹೆಸರಷ್ಟ ಬರದು ಕೊಡ್ರಿ.’ ಮೊದಲು ಮುಖ ಗಂಟು ಹಾಕಿದರು. ಆಮೇಲೆ ಹಾಳೆ ನೋಡಿ, ಆಸಿಡಿಟಿ ಗುಳಿಗೆ ದಿನಾ ಬೇಡ ಅಂದರು, ಶಕ್ತಿ ಗುಳಿಗೆಯ ಮೇಲೆ ಗೀಟು ಎಳೆದರು. ಅರ್ಧ ಖರ್ಚು ಅಲ್ಲೇ ಇಳಿಯಿತು. ಸರ್ಕಾರದ ಯೋಜನೆಗಿಂತ ಮೊದಲು ಈ ಗೀಟೇ ನಮಗೆ ಉಪಕಾರ ಮಾಡಿತು ಅನ್ನಬೇಕು. ಬಿಡುವುದು, ಇಡುವುದು ಡಾಕ್ಟರೇ ಹೇಳಬೇಕು ಮತ್ತೆ. ನಾವೇ ಸುಮ್ನೆ ನಿಲ್ಲಿಸಬಾರದು.

ಔಷಧದ ಹೆಸರು ಬರೆಸುವುದು ಯಾಕೆ ಅಷ್ಟು ಮುಖ್ಯ? ಚೀಟಿಯಲ್ಲಿ ಒಂದು ಕಂಪನಿಯ ಹೆಸರಿದ್ದರೆ ಮೆಡಿಕಲ್‌ನವರು ಬೇರೆ ಕಂಪನಿಯದನ್ನು ತಾವಾಗಿ ಕೊಡುವಂತಿಲ್ಲ, ನಿಯಮವೇ ಹಾಗಿದೆ. ಬರೀ ಔಷಧದ ಹೆಸರಿದ್ದರೆ ಕಡಿಮೆ ರೇಟಿನದನ್ನು ಕೇಳುವ ದಾರಿ ನಮಗೆ ತೆರೆದುಕೊಳ್ಳುತ್ತದೆ. ಡಾಕ್ಟರುಗಳು ಹಾಗೆ ಬರೆಯಬೇಕು ಅಂತ ಅವರ ವೃತ್ತಿ ನಿಯಮದಲ್ಲಿ ಹಿಂದಿನಿಂದಲೂ ಇದೆ. 2023ರ ಆಗಸ್ಟ್‌ನಲ್ಲಿ ಅದನ್ನು ಬಿಗಿ ಮಾಡಿ ಹೊಸ ನಿಯಮ ತಂದರು, ಅದೇ ತಿಂಗಳು ತಡೆಹಿಡಿದರು. ಹಾಗಾಗಿ ಕಾಯ್ದೆ ಮಾತಾಡಿದರೆ ಕೆಲಸ ಕೆಡುತ್ತದೆ. ಕೈಮುಗಿದು ಕೇಳಿದರೆ ಬರೆದುಕೊಡುತ್ತಾರೆ.

ಇನ್ನು ಸರ್ಕಾರಿ ದವಾಖಾನೆ. ಜಿಲ್ಲಾ, ತಾಲೂಕು ದವಾಖಾನೆಗಳಲ್ಲಿ ಎನ್‌ಸಿಡಿ ಕ್ಲಿನಿಕ್ ಅಂತ ಇರುತ್ತದೆ. ಬಿಪಿ, ಶುಗರ್‌ನಂಥ ಬಹುಕಾಲದ ಕಾಯಿಲೆಯವರಿಗೆ ಇರುವುದು ಅದು. ಅತ್ತೆಯ ಆಧಾರ್ ಕಾರ್ಡ್, ಹಳೇ ಚೀಟಿ, ಫೋನ್ ನಂಬರ್ ತೆಗೆದುಕೊಂಡು ಹೋದೆವು. ಹೆಸರು ಹಚ್ಚಿಕೊಂಡು, ಬಿಪಿ ನೋಡಿ, ಬೆರಳು ಚುಚ್ಚಿ ಶುಗರ್ ನೋಡಿ, ತಿಂಗಳಿಗಾಗುವಷ್ಟು ಗುಳಿಗೆ ಕೊಟ್ಟರು. ದುಡ್ಡಿಲ್ಲ. ಎರಡು ಔಷಧ ಕೂಡಿಸಿದ ಶುಗರ್ ಗುಳಿಗೆ ಅಲ್ಲಿರಲಿಲ್ಲ, ಎರಡನ್ನೂ ಬೇರೆಬೇರೆ ಕೊಟ್ಟರು. ಹಾಗೆ ತಗೊಂಡರೆ ನಡೆಯುತ್ತದಾ ಅಂತ ಅಲ್ಲಿಯ ಡಾಕ್ಟರನ್ನೇ ಕೇಳಿ ಖಾತ್ರಿ ಮಾಡಿಕೊಂಡೆ. ನಿಧಾನವಾಗಿ ಕರಗುವ ಮೆಟ್‌ಫಾರ್ಮಿನ್ ಬೇರೆ, ಸಾದಾದ್ದು ಬೇರೆ. ಸಾದಾದ್ದಾದರೆ ತಗೊಳ್ಳುವ ಹೊತ್ತು ಬದಲಾಗಬಹುದು. ಇದನ್ನು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ, ಗದ್ದಲ ಅಷ್ಟಿರುತ್ತದೆ. ಸೋಮವಾರ ಹೋಗಲೇಬೇಡಿ.

ನಡೆಯಲಾರದ ಹಿರಿಯರಿದ್ದರೆ ಆಶಾ ಅಕ್ಕನನ್ನು ಹಿಡಿಯಿರಿ. ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು. ಮೂವತ್ತು ದಾಟಿದವರಿಗೆ ಮನೆಗೇ ಬಂದು ಬಿಪಿ, ಶುಗರ್ ನೋಡುವುದು, ಕಾಯಿಲೆ ಇದ್ದವರಿಗೆ ಔಷಧ ಮುಟ್ಟಿಸುವುದು ಅದರ ಕೆಲಸ. ಸರ್ಕಾರದ ಸಣ್ಣ ದವಾಖಾನೆ ‘ನಮ್ಮ ಕ್ಲಿನಿಕ್’ ಹತ್ತಿರ ಇದ್ದರೆ ಅಲ್ಲೂ ಕೇಳಿ.

ಪುಕ್ಕಟೆ ಅಂದಮೇಲೆ ಒಮ್ಮೊಮ್ಮೆ ‘ಸ್ಟಾಕ್ ಇಲ್ರಿ, ಮುಂದಿನ ವಾರ ಬರ್ರಿ’ ಅನ್ನುವುದೂ ಇರುತ್ತದೆ. ಬಿಪಿ ಗುಳಿಗೆ ವಾರ ಕಾಯುವುದಿಲ್ಲ. ಆಗಲೇ ಜನೌಷಧಿ ಕೇಂದ್ರ ಬೇಕಾಗುವುದು. ಇದು ಕೇಂದ್ರ ಸರ್ಕಾರದ್ದು, 2008ರಲ್ಲಿ ಶುರುವಾದದ್ದು. ಇಲ್ಲಿ ಬಿಪಿಎಲ್ ಕಾರ್ಡ್ ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ, ಚೀಟಿ ಮಾತ್ರ ಬೇಕು. ಕಂಪನಿ ಹೆಸರಿನ ಔಷಧಕ್ಕಿಂತ ಅರ್ಧದಿಂದ ಹಿಡಿದು ಶೇ 90ರಷ್ಟು ಕಡಿಮೆ ರೇಟು ಅಂತ ಸರ್ಕಾರ ಹೇಳುತ್ತದೆ. ನಮ್ಮ ಕೊಲೆಸ್ಟ್ರಾಲ್ ಗುಳಿಗೆಯಲ್ಲಂತೂ ಅದು ನಿಜವಾಯಿತು. ‘ಜನೌಷಧಿ ಸುಗಮ್’ ಅಂತ ಒಂದು ಆ್ಯಪ್ ಇದೆ. ಔಷಧದ ಹೆಸರು ಹಾಕಿದರೆ ರೇಟು ತೋರಿಸುತ್ತದೆ, ಹತ್ತಿರದ ಕೇಂದ್ರವನ್ನೂ ತೋರಿಸುತ್ತದೆ. ಕಂಪನಿ ಹೆಸರಿಗಿಂತ ಹಾಳೆಯ ಮೇಲಿನ ಹೆಸರನ್ನೇ ಹಾಕಿ ಹುಡುಕಿ. ಹೋಗುವ ಮೊದಲು ಫೋನ್ ಮಾಡಿ ಕೇಳುವುದೂ ಒಳ್ಳೆಯದು, ಅಲ್ಲೂ ಎಲ್ಲ ಔಷಧ ಎಲ್ಲ ದಿನ ಇರುವುದಿಲ್ಲ.

ಈ ಅಂಗಡಿಗಳನ್ನೆಲ್ಲ ಮುಚ್ಚಿದರಂತೆ ಅಂತ ಕೆಲವರು ಹೇಳುತ್ತಾರೆ. ಆದದ್ದು ಬೇರೆ. ಸರ್ಕಾರಿ ದವಾಖಾನೆಯ ಆವರಣದಲ್ಲಿದ್ದ ಕೇಂದ್ರಗಳನ್ನು ಮುಚ್ಚಲು 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಿತು. ಒಳಗೆ ಪುಕ್ಕಟೆಯೇ ಕೊಡಬೇಕು ಅನ್ನುವುದು ಅವರ ವಾದ. ಅದು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿ ತಡೆ ಸಿಕ್ಕಿತು. ಹೊರಗೆ ಊರೊಳಗಿರುವ ಕೇಂದ್ರಗಳಿಗೂ ಆ ಆದೇಶಕ್ಕೂ ಸಂಬಂಧವೇ ಇರಲಿಲ್ಲ. ನನ್ನನ್ನು ಕೇಳಿದರೆ ಒಳಗಿನ ಪುಕ್ಕಟೆ ಗುಳಿಗೆ ಮತ್ತು ಕಡಿಮೆ ರೇಟಿನ ಅಂಗಡಿ ಎರಡೂ ಇರಲಿ. ಸ್ಟಾಕ್ ಇಲ್ಲದ ದಿನ ಮುದುಕರು ಎಲ್ಲಿಗೆ ಹೋಗಬೇಕು?

ಕಾಗದ, ಕಚೇರಿಗಿಂತ ಕಷ್ಟವಾದದ್ದು ಅತ್ತೆಯನ್ನು ಒಪ್ಪಿಸುವುದು. ಅವರಿಗೆ ಓದಲು ಬರುವುದಿಲ್ಲ. ಬಣ್ಣ, ಆಕಾರ ನೋಡಿಯೇ ಗುಳಿಗೆ ಗುರುತು. ‘ನಂದು ಗುಲಾಬಿ ಗುಳಿಗಿ, ಇದು ಬಿಳೇದೈತಿ. ಸೋವಿದು ತಿಂದು ಸಾಯಂತೀಯೇನ?’ ಅಂತ ಪಟ್ಟಿಯನ್ನು ದೂರ ತಳ್ಳಿದರು. ಗುಣಮಟ್ಟ ಪರೀಕ್ಷೆ ಮಾಡಿಯೇ ಕಳಿಸುತ್ತಾರೆ ಅಂತ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನಾನಂದೆ, ‘ಅತ್ತಿ, ನೀವು ನೇಯ್ದ ಒಂದ ಖಣಾನ ಮೂರು ಅಂಗಡ್ಯಾಗ ಮೂರು ರೇಟಿಗೆ ಮಾರತಿದ್ರು, ಹೌದಲ್ರಿ? ನೂಲು ಬ್ಯಾರೆ ಇತ್ತೇನು?’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಿಪಿ ಏರಿದ್ರ ನೀನ ಜವಾಬ್ದಾರಿ ನೋಡ’ ಅಂದರು.

ಅದಕ್ಕೇ ಗುಳಿಗೆ ಬದಲಿಸಿದ ಮೇಲೆ ಕೆಲವು ವಾರ ಬಿಪಿ, ಶುಗರ್ ಮೇಲಿಂದ ಮೇಲೆ ನೋಡಿಸಿ ಪುಸ್ತಕದಲ್ಲಿ ಬರೆದೆ. ಏರಲಿಲ್ಲ. ಹಳೇ ಪಟ್ಟಿಗಳನ್ನು ಮನೆಯಲ್ಲೇ ಇಟ್ಟಿರಲಿಲ್ಲ. ಇದು ಬಹಳ ಮುಖ್ಯ. ಹೆಸರು ಬೇರೆ, ಬಣ್ಣ ಬೇರೆ ಅಂತ ಹಿರಿಯರು ಹಳೇದನ್ನೂ ಹೊಸದನ್ನೂ ಕೂಡಿಸಿ ನುಂಗಿಬಿಡುತ್ತಾರೆ. ಶುಗರ್ ಗುಳಿಗೆ ಹಾಗೆ ಡಬಲ್ ಆದರೆ ಶುಗರ್ ಒಮ್ಮೆಲೇ ಇಳಿದು, ಬೆವರಿ, ತಲೆ ತಿರುಗಿ ಬೀಳುತ್ತಾರೆ. ಸರ್ಕಾರಿ ಗುಳಿಗೆ ತಿಂಗಳು ತಿಂಗಳು ಬೇರೆ ಕಂಪನಿಯದು ಬರುವುದರಿಂದ ಬಣ್ಣದ ಗುರುತು ನಡೆಯುವುದೇ ಇಲ್ಲ. ಅತ್ತೆಯೇ ಒಂದು ಉಪಾಯ ಮಾಡಿದರು. ಉಳಿದ ಖಣದ ತುಂಡಿನಲ್ಲಿ ಎರಡು ಚೀಲ ಹೊಲಿದರು. ಒಂದಕ್ಕೆ ಹಳದಿ ದಾರದಲ್ಲಿ ಸೂರ್ಯ, ಇನ್ನೊಂದಕ್ಕೆ ಬಿಳಿ ದಾರದಲ್ಲಿ ಅರ್ಧಚಂದ್ರ. ಗುಳಿಗೆ ತಂದ ದಿನ ಪಟ್ಟಿಯಿಂದ ಬಿಡಿಸದೆ, ಕತ್ತರಿಯಿಂದ ಒಂದೊಂದೇ ಕತ್ತರಿಸಿ ವಾರಕ್ಕಾಗುವಷ್ಟು ನಾನು ತುಂಬುತ್ತೇನೆ. ಉಳಿದದ್ದು ನನ್ನ ಹತ್ತಿರ ಇರುತ್ತದೆ.

ಈಗ ನಮ್ಮ ಖರ್ಚು ಅಂದರೆ ಕ್ಯಾಲ್ಸಿಯಂ, ಮತ್ತೆ ಸ್ಟಾಕ್ ಇಲ್ಲದ ತಿಂಗಳು ಜನೌಷಧಿಯಿಂದ ತರುವ ಒಂದೆರಡು ಪಟ್ಟಿ. ಡಾಕ್ಟರು ಗೀಟು ಎಳೆದ ಆ ಶಕ್ತಿ ಗುಳಿಗೆಯನ್ನು ಅತ್ತೆ ಈಗಲೂ ನಡುನಡುವೆ ತರಿಸಿಕೊಳ್ಳುತ್ತಾರೆ. ಪಿಂಚಣಿ ದುಡ್ಡು ಅವರದು, ಇದರ ಬಗ್ಗೆ ನಾನು ಮಾತಾಡುವುದನ್ನು ಬಿಟ್ಟಿದ್ದೇನೆ.