ಅರ್ಜನ್ ಸಿಂಗ್ ಸೇವಾವಧಿಯ ಫಲಕ ಮಾಡಿದ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಶಾಲೆಯೊಂದರ ವಾಚನಾಲಯಕ್ಕೆ ಭಾರತೀಯ ವಾಯುಪಡೆಯ ಮಾಜಿ ಮುಖ್ಯಸ್ಥ ಅರ್ಜನ್ ಸಿಂಗ್ ಅವರ ಸೇವಾವಧಿಯ ಆರಡಿ–ನಾಲ್ಕಡಿಯ ಫಲಕ ಮಾಡಿಕೊಟ್ಟೆ. ಉದ್ದುದ್ದ ಪ್ಯಾರಾ ಬರೆದರೆ ಮಕ್ಕಳು ನಿಂತು ಓದುವುದಿಲ್ಲ. ಐದು ಕಾಲಂ ಸಾಕು: ವರ್ಷ, ರ‍್ಯಾಂಕ್, ಹುದ್ದೆ, ವಿಮಾನ, ಸ್ಥಳ.

ರ‍್ಯಾಂಕ್, ಹುದ್ದೆ ಎರಡನ್ನೂ ಒಂದೇ ಕಾಲಂಗೆ ತುರುಕಿದರೆ ಪಟ್ಟಿ ಕೆಟ್ಟಿತೆಂದೇ ಲೆಕ್ಕ. ಅವರು ವಾಯುಪಡೆಯ ಮುಖ್ಯಸ್ಥರಾದದ್ದು 1964ರ ಆಗಸ್ಟ್ 1ರಂದು, ಆಗ ಅವರ ರ‍್ಯಾಂಕ್ ಏರ್ ಮಾರ್ಷಲ್. 1965ರ ಯುದ್ಧ ನಡೆಸಿದ್ದೂ ಅದೇ ರ‍್ಯಾಂಕಿನಲ್ಲಿ. ಏರ್ ಚೀಫ್ ಮಾರ್ಷಲ್ ಆದದ್ದು 1966ರಲ್ಲಿ. ವಾಯುಪಡೆಯ ಅತ್ಯುನ್ನತವಾದ ಐದು ನಕ್ಷತ್ರದ ಪದವಿ ಬಂದದ್ದು 2002ರಲ್ಲಿ, ಹುದ್ದೆ ಬಿಟ್ಟು ಮೂರು ದಶಕ ದಾಟಿದ ಮೇಲೆ. ಕೊನೆಯ ರ‍್ಯಾಂಕನ್ನು ಮೊದಲ ಸಾಲಿನಿಂದಲೇ ಅಂಟಿಸುವ ಚಾಳಿ ನಮ್ಮ ಬರಹಗಳಲ್ಲಿ ಬಹಳ. ಆಯಾ ದಿನ ಭುಜದ ಮೇಲೆ ಏನಿತ್ತೋ ಅದನ್ನೇ ಬರೆಯಬೇಕು.

ಪಡೆಯ ಹೆಸರಿಗೂ ಇದೇ ಎಚ್ಚರ ಬೇಕು. 1944ರಲ್ಲಿ ಇಂಫಾಲದಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿ ಒಂದನೇ ಸ್ಕ್ವಾಡ್ರನ್ನಿನ (ವಿಮಾನದಳದ) ಯುದ್ಧವಿಮಾನ ಹರಿಕೇನ್‌ಗಳನ್ನು ನಡೆಸಿ ಡಿಎಫ್‌ಸಿ (ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್) ಶೌರ್ಯ ಪದಕ ಪಡೆದಾಗ ಅದು ಬರೀ ಇಂಡಿಯನ್ ಏರ್ ಫೋರ್ಸ್. 'ರಾಯಲ್' ಸೇರಿದ್ದು 1945ರಲ್ಲಿ, ಬಿಟ್ಟದ್ದು 1950ರಲ್ಲಿ. ಹಾಗಾಗಿ 1947ರ ಆಗಸ್ಟ್ 15ರ ಕೆಂಪುಕೋಟೆಯ ಹಾರಾಟದ ಸಾಲಿಗೆ ಮಾತ್ರ ಆ ಪದ ಹಾಕಿದೆ.

ಹೆಚ್ಚು ಜಾಗ ಕೊಟ್ಟದ್ದು 1965ರ ಸೆಪ್ಟೆಂಬರ್ 1ಕ್ಕೆ. ಜಮ್ಮು ಗಡಿಯ ಛಂಬ್‌ನಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದ್ದವು, ಹೊತ್ತು ಇಳಿಯುತ್ತಿತ್ತು. ಪಠಾಣ್‌ಕೋಟ್‌ನಿಂದ ವ್ಯಾಂಪೈರ್, ಮಿಸ್ಟೀರ್ ವಿಮಾನಗಳು ಎದ್ದವು. ಆ ಸಂಜೆ 4 ವ್ಯಾಂಪೈರ್ ನಷ್ಟವಾದವು. ಹಳೆಯ ವಿಮಾನ ಅದು, ಪಾಕಿಸ್ತಾನದ ಸೇಬರ್ ಯುದ್ಧವಿಮಾನದ ಎದುರು ನಿಲ್ಲುವ ವೇಗ ಅದಕ್ಕಿರಲಿಲ್ಲ. ಆಮೇಲೆ ಅವನ್ನು ಮುಂಚೂಣಿಯಿಂದ ಹಿಂದಕ್ಕೆ ತೆಗೆದರು. ನಷ್ಟದ ಸಾಲನ್ನು ಬಿಡೋಣ ಎಂದವರಿದ್ದರು. ಬಿಟ್ಟರೆ ವಿಮಾನ ಕಳಿಸುವ ಮುಖ್ಯಸ್ಥನ ತೀರ್ಮಾನದ ಭಾರ ಎಷ್ಟೆಂದು ಓದುವವರಿಗೆ ತಿಳಿಯುವುದಾದರೂ ಹೇಗೆ?

ಸ್ವಿಟ್ಜರ್ಲೆಂಡ್, ಕೆನ್ಯಾದ ರಾಯಭಾರ, ದಿಲ್ಲಿಯ ಲೆಫ್ಟಿನೆಂಟ್ ಗವರ್ನರ್ ಹುದ್ದೆ ಒಂದೊಂದು ಸಾಲು, ಅಷ್ಟೆ.

ಇನ್ನು ಮುದ್ರಣ. ಕಾಸರಗೋಡಿನ ಕಡೆ ಫ್ಲೆಕ್ಸ್ ಅಂಗಡಿಗಳ ಕಂಪ್ಯೂಟರಿನಲ್ಲಿ ಮಲಯಾಳ ಫಾಂಟ್ ಧಾರಾಳ, ಕನ್ನಡದ್ದು ಇದ್ದರೆ ಪುಣ್ಯ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಕಡತವನ್ನು ಹಾಗೆಯೇ ಕೊಟ್ಟರೆ ಇಂಗ್ಲಿಷ್ ಅಕ್ಷರಗಳ ಕಿಚಡಿ ಬರುತ್ತದೆ. ಯುನಿಕೋಡ್ ಕೊಟ್ಟರೂ ಹಳೆಯ ಸಾಫ್ಟ್‌ವೇರಿನಲ್ಲಿ 'ಮಾರ್ಷಲ್'ನ ಅರ್ಕಾವತ್ತು ಜಾಗ ತಪ್ಪುತ್ತದೆ. ಅಕ್ಷರಗಳನ್ನು ಕರ್ವ್ ಮಾಡಿ (ಬರೀ ಗೆರೆಯ ಚಿತ್ರವಾಗಿಸಿ) ಪಿಡಿಎಫ್ ಒಯ್ಯಿರಿ, ಫಾಂಟಿನ ಗೊಡವೆಯೇ ಇಲ್ಲ. ಆದರೆ ಆಮೇಲೆ ಅಕ್ಷರ ತಿದ್ದಲಾಗದು. 'ಅರ್ಜನ್' ಎಂಬುದನ್ನು ಯಾರಾದರೂ 'ಅರ್ಜುನ್' ಮಾಡಿಟ್ಟಿದ್ದಾರೆಯೇ ಎಂದು ಅದಕ್ಕೆ ಮೊದಲೇ ನೋಡಿಕೊಳ್ಳಿ.