ಬೀದರನ್ನು ಒಂದು ದಿನದಲ್ಲಿ ನೋಡುವ ಕ್ರಮ

ಬೀದರಿಗೆ ಬಂದವರು ಸಾಮಾನ್ಯವಾಗಿ ನೇರವಾಗಿ ಕೋಟೆಗೆ ಹೋಗುತ್ತಾರೆ, ಬಿಸಿಲೇರಿ ದಣಿದ ಮೇಲೆ ಉಳಿದದ್ದನ್ನು ಕೈಬಿಡುತ್ತಾರೆ. ಆ ಕ್ರಮವನ್ನು ಬದಲಿಸಿ, ಬೆಳಿಗ್ಗೆ ಮೊದಲು ಊರಾಚೆಯ ಅಷ್ಟೂರಿಗೆ ಹೋಗಿ. ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ, 1436ರಲ್ಲಿ ತೀರಿಕೊಂಡ ಅಹಮದ್ ಶಾ ವಲಿಯ ಗೋರಿ ಇರುವುದು ಅಲ್ಲಿ. ಒಳಗೋಡೆಯ ಬಣ್ಣದ ಬಳ್ಳಿಗಳೂ ಹೊನ್ನಿನ ಅಕ್ಷರಗಳೂ ಕತ್ತಲೆಯಲ್ಲಿ ಕಾಣುವುದಿಲ್ಲವಾದ್ದರಿಂದ ಒಂದು ಟಾರ್ಚ್ ಒಯ್ಯಿರಿ. ಇದೇ ಸುಲ್ತಾನನನ್ನು ಅಲ್ಲಮಪ್ರಭುವೆಂದು ಭಾವಿಸುವ ಲಿಂಗಾಯತ ಭಕ್ತರೂ ಇಲ್ಲಿನ ಉರುಸಿಗೆ ಬರುತ್ತಾರೆ.

ಮರಳಿ ಊರೊಳಗೆ ಬಂದು ಮಹಮೂದ್ ಗವಾನನ ಮದರಸಾ ನೋಡಿ. ಇರಾನಿನ ಗಿಲಾನಿನಿಂದ ಬಂದು ಬಹಮನಿಗಳ ಪ್ರಧಾನಿಯಾದ ಗವಾನ್ 1472ರಲ್ಲಿ ಕಟ್ಟಿಸಿದ ಈ ಮೂರಂತಸ್ತಿನ ವಿದ್ಯಾಲಯದ ಒಂದು ಭಾಗ, ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಕುಸಿಯಿತು. ಈಗ ಒಂದೇ ಮಿನಾರು ಉಳಿದಿದೆ. ಅದರ ಬುಡದಲ್ಲಿ ನಿಂತು, ಅಲ್ಲಲ್ಲಿ ಅಂಟಿಕೊಂಡಿರುವ ನೀಲಿ, ಹಸಿರು ಮೆರುಗಿನ ಬಿಲ್ಲೆಗಳನ್ನು ನಿಧಾನವಾಗಿ ನೋಡಿ. ಕಟ್ಟಿಸಿದವನನ್ನು ವೈರಿಗಳ ಕಳ್ಳಪತ್ರ ನಂಬಿದ ಸುಲ್ತಾನನೇ 1481ರಲ್ಲಿ ಕೊಲ್ಲಿಸಿದನು. ನನ್ನ ಮಟ್ಟಿಗೆ ಬಹಮನಿ ರಾಜ್ಯದ ಇಳಿಗಾಲವನ್ನು ಅಲ್ಲಿಂದಲೇ ಎಣಿಸಬೇಕು.

ಕೋಟೆಯನ್ನು ಹೊಗುವ ಮೊದಲು ಕಂದಕದ ಬಳಿ ನಿಲ್ಲಿ. ಇದು ಅಗೆದ ಬರಿಯ ಹಳ್ಳವಲ್ಲ. ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕಡಿದು, ನಡುನಡುವೆ ಕಲ್ಲಿನ ಗೋಡೆ ಉಳಿಸಿ ಮಾಡಿದ ಮೂರು ಸಾಲಿನ ಕಂದಕ. ಒಳಗೆ ಸೋಲಹ ಖಂಬ ಮಸೀದಿ, ತಖ್ತ್ ಮಹಲ್ ಮುಂತಾದವು ಇವೆಯಾದರೂ ಸಮಯ ಕಡಿಮೆಯಿದ್ದರೆ ರಂಗೀನ್ ಮಹಲನ್ನು ಮಾತ್ರ ಬಿಡಬೇಡಿ. ಬಾಗಿಲು ಹಾಕಿದ್ದರೆ ಸಿಬ್ಬಂದಿಯನ್ನು ಕೇಳಿ ತೆಗೆಸಿಕೊಳ್ಳಿ. ಬಹಮನಿಗಳ ನಂತರ ಬೀದರನ್ನಾಳಿದ ಬರೀದ್ ಶಾಹಿ ಮನೆತನದ ದೊರೆ ಅಲಿ ಬರೀದನ ಕಾಲದ ಆ ಕೋಣೆಗಳಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ.

ಸಂಜೆಯನ್ನು ಊರ ನಡುವಿನ ಗೋಪುರವಾದ ಚೌಬಾರದ ಸುತ್ತಲಿನ ಬಿದರಿ ಲೋಹಕಲೆಯ ಕುಶಲಕರ್ಮಿಗಳಿಗೆ ಮೀಸಲಿಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಗೆರೆಗಳಿಗೆ ಬೆಳ್ಳಿ ತಂತಿ ಬಡಿದು ಕೂರಿಸಿದ ಪಾತ್ರೆಯನ್ನು ಕಾಯಿಸಿ, ನವಸಾಗರವೆಂಬ ಲವಣದೊಂದಿಗೆ ಕಲಸಿದ ಕೋಟೆಯ ಮಣ್ಣನ್ನು ತಿಕ್ಕುತ್ತಾರೆ. ಮಳೆ, ಬಿಸಿಲು ತಾಗದ ಮೂಲೆಯ ಹಳೆಯ ಮಣ್ಣೇ ಆಗಬೇಕು. ಕ್ಷಣಾರ್ಧದಲ್ಲಿ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕೊಳ್ಳುವುದಾದರೆ ತಂತಿಯ ಮೇಲೆ ಉಗುರು ಆಡಿಸಿ ನೋಡಿ, ಎಲ್ಲಿಯೂ ತಡೆಯಬಾರದು.